ರೈಲು ಪರಂಪರೆ ಉಳಿಸಲು ಹಣ ಬೇಕಾ? ಉತ್ತರ ಕನ್ನಡದಲ್ಲಿ ಮಾಡಬಹುದಾದ ಬೇರೆ ಥರದ ಕಾರ್ಯಕ್ರಮಗಳು: ಸಮಗ್ರ ಮಾರ್ಗದರ್ಶಿ

ನಮ್ಮ ಜಿಲ್ಲೆಗೂ ರೈಲಿಗೂ ಇರುವ ನಂಟು ತುಂಬ ಜನರಿಗೆ ಗೊತ್ತೇ ಇಲ್ಲ. ಕೊಂಕಣ ರೈಲ್ವೆ ಎಲ್ಲರಿಗೂ ಗೊತ್ತು. ಆದರೆ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ನಿಲ್ದಾಣ 1880ರ ದಶಕದಿಂದಲೇ ಬ್ರಿಟಿಷ್ ಇಂಡಿಯಾ ಮತ್ತು ಪೋರ್ಚುಗೀಸ್ ಗೋವಾದ ಗಡಿ ಆಗಿತ್ತು. ಅಳ್ನಾವರದಿಂದ ದಾಂಡೇಲಿಯ ಅಂಬೇವಾಡಿಗೆ ಕಾಡಿನ ಮರ ಸಾಗಿಸಲು ಹಾಕಿದ ಹಳಿ ಇದೆ. ಶಿರಸಿಗೆ ಇವತ್ತಿಗೂ ರೈಲು ಬಂದಿಲ್ಲ, ಆದರೆ ಸಿದ್ದಾಪುರದ ಪಕ್ಕದ ತಾಳಗುಪ್ಪದ ಮೀಟರ್ ಗೇಜ್ ಗಾಡಿಯ ನೆನಪು ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಇದೆ. ಇದನ್ನೆಲ್ಲ ಉಳಿಸಬೇಕು ಅಂತ ನಾಲ್ಕು ಜನ ಸೇರುತ್ತಾರೆ. ನಿವೃತ್ತ ಗ್ಯಾಂಗ್‌ಮನ್, ಶಾಲಾ ಮೇಷ್ಟ್ರು, ಬೆಂಗಳೂರಿನಲ್ಲಿ ಕೆಲಸ ಮಾಡುವ ಕುಮಟಾದ ಹುಡುಗ, ಹೀಗೆ. ಎರಡು ಮೀಟಿಂಗ್ ಆದಮೇಲೆ ಹಣದ ಪ್ರಶ್ನೆ ಬರುತ್ತದೆ. ಆಗ ಹೊರಬರುವುದು ಅದೇ ರಸೀದಿ ಪುಸ್ತಕ.

ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗಿದರೆ ಗಣಪತಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಕ್ರಿಕೆಟ್ ಟೂರ್ನಿಗೆ ಕೊಟ್ಟ ಹಾಗೇ ನಿಮಗೂ ನೂರು ರೂಪಾಯಿ ಕೊಟ್ಟು ಕಳಿಸುತ್ತಾರೆ. ಅವರ ತಪ್ಪಲ್ಲ ಅದು. "ಪರಂಪರೆ" ಅಂದರೆ ಕಣ್ಣಿಗೆ ಕಾಣುವುದಿಲ್ಲ. ಜನ ಹಣ ಕೊಡುವುದು ಬೆರಳಿಟ್ಟು ತೋರಿಸಬಹುದಾದ ವಸ್ತುವಿಗೆ. "ಆ ದೀಪ ನಾನು ಕೊಡಿಸಿದ್ದು", "ಆ ಕಪಾಟಿನ ಎರಡನೇ ಅಂಕಣ ನಮ್ಮ ಅಜ್ಜನ ಹೆಸರಲ್ಲಿದೆ" ಅಂತ ಹೇಳಿಕೊಳ್ಳಲು ಆಗಬೇಕು. ಮುಂದೆ ಹೇಳುವ ಕಾರ್ಯಕ್ರಮಗಳೆಲ್ಲ ಇದೇ ನಂಬಿಕೆಯ ಮೇಲೆ ನಿಂತಿವೆ.

ಮೊದಲ ಹೆಜ್ಜೆ: ಉಳಿಸುವುದು ಏನನ್ನು, ಒಂದೊಂದಕ್ಕೆ ಎಷ್ಟು?

ಬ್ರಿಟನ್‌ನಲ್ಲಿ ಇಂಥ ಗುಂಪುಗಳ ಹತ್ತಿರ ಇಡೀ ರೈಲು ಮಾರ್ಗವೇ ಇರುತ್ತದೆ. ವೇಲ್ಸ್‌ನ ತಾಲಿಥ್ಲಿನ್ ರೈಲ್ವೆಯನ್ನು 1951ರಿಂದ ಸ್ವಯಂಸೇವಕರೇ ನಡೆಸುತ್ತಿದ್ದಾರೆ, ಜಗತ್ತಿನಲ್ಲೇ ಅದು ಮೊದಲನೆಯದು. ನಮ್ಮಲ್ಲಿ ಹಾಗಲ್ಲ. ಇಂಜಿನ್, ಹಳಿ, ನಿಲ್ದಾಣ ಎಲ್ಲ ರೈಲ್ವೆಯ ಆಸ್ತಿ. ಹಾಗಾಗಿ ನಮ್ಮಂಥ ಗುಂಪು ಮಾಡಬಹುದಾದ್ದು ಬೇರೆ: ಹಳೆಯ ಫೋಟೋ ಸ್ಕ್ಯಾನ್ ಮಾಡುವುದು, ನಿವೃತ್ತ ನೌಕರರ ನೆನಪು ರೆಕಾರ್ಡ್ ಮಾಡುವುದು, ಕೈದೀಪ, ಟಿಕೆಟ್, ಮುಂದೆ ಹೋಗಲು ಅನುಮತಿ ಅಂತ ಚಾಲಕರಿಗೆ ಕೊಡುತ್ತಿದ್ದ ಟೋಕನ್‌ನ ಚೀಲ, ಇಂಥ ವಸ್ತುಗಳನ್ನು ಕಾನೂನುಬದ್ಧವಾಗಿ ಸಂಗ್ರಹಿಸಿ ಒಂದು ಕೋಣೆಯಲ್ಲಿ ಇಡುವುದು, ಮಾದರಿ ಮಾಡುವುದು, ರೈಲ್ವೆ ಒಪ್ಪಿದರೆ ಹಳೆಯ ವಸ್ತುವೊಂದರ ದುರಸ್ತಿಗೆ ಕೈ ಜೋಡಿಸುವುದು. ಇಷ್ಟೇ ಸಾಕಷ್ಟು ದೊಡ್ಡ ಕೆಲಸ.

ಇದನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಬೆಲೆ ಬರೆಯಿರಿ. ಒಂದು ಆಲ್ಬಂ ಸ್ಕ್ಯಾನ್ ಮಾಡಲು ಇಷ್ಟು. ಒಬ್ಬ ಹಿರಿಯರ ಜೊತೆ ಒಂದು ದಿನ ಕೂತು ರೆಕಾರ್ಡ್ ಮಾಡಲು ಇಷ್ಟು. ತೇಗದ ಕಪಾಟಿನ ಒಂದು ಅಂಕಣಕ್ಕೆ ಇಷ್ಟು. ಬೆಲೆ ಊಹೆ ಆಗಬಾರದು. ಬಡಗಿಯ ಹತ್ತಿರ, ಸ್ಟುಡಿಯೋದವರ ಹತ್ತಿರ ಕೇಳಿಯೇ ಬರೆಯಬೇಕು.

ಸಣ್ಣ ತುಂಡಿನ ಶಕ್ತಿ ಏನು ಅಂತ ಅನುಮಾನ ಇದ್ದರೆ ಇಂಗ್ಲೆಂಡಿನ ಟಾರ್ನೇಡೊ ಇಂಜಿನ್ ನೋಡಿ. ಅಲ್ಲಿ ಒಂದು ಜಾತಿಯ ಉಗಿ ಇಂಜಿನ್ ಒಂದೂ ಉಳಿದಿರಲಿಲ್ಲ. ಒಂದು ಟ್ರಸ್ಟ್ ಹೊಸದನ್ನೇ ಕಟ್ಟಲು ಹೊರಟಿತು. ಜನರಿಗೆ ಕೇಳಿದ್ದು ವಾರಕ್ಕೆ 1.25 ಪೌಂಡ್, ಅಂದರೆ ಆಗ ಒಂದು ಗ್ಲಾಸ್ ಬಿಯರ್‌ಗೆ ಆಗುತ್ತಿದ್ದ ಹಣ. 1994ರಲ್ಲಿ ಕೆಲಸ ಶುರುವಾಯಿತು, 2008ರಲ್ಲಿ ಇಂಜಿನ್ ಹಳಿ ಮೇಲೆ ಓಡಿತು. ಇಂಗ್ಲೆಂಡಿನಲ್ಲೇ ಸ್ವಯಂಸೇವಕರು ನಡೆಸುವ ಬ್ಲೂಬೆಲ್ ರೈಲ್ವೆಯವರ ಕಥೆ ಇನ್ನೂ ಚೆಂದ. ಅವರ ಹಳಿ ಹೋಗಬೇಕಿದ್ದ ಗುಡ್ಡದ ಕಣಿವೆಯಲ್ಲಿ ಊರಿನ ಕಸವೆಲ್ಲ ತುಂಬಿತ್ತು. ಕಸ ತೆಗೆಸಲು ಹತ್ತು ಹತ್ತು ಪೌಂಡ್ ಕೊಡಿ ಅಂತ ಕೇಳಿದರು. ಕಸಕ್ಕೂ ಜನ ಹಣ ಕೊಟ್ಟರು! ಎಷ್ಟು ಕೊಟ್ಟರೆ ಎಷ್ಟು ಸರಿಯುತ್ತದೆ ಅಂತ ಗೊತ್ತಿತ್ತಲ್ಲ. 2013ರ ಮಾರ್ಚ್‌ನಲ್ಲಿ ಅಲ್ಲಿಂದ ರೈಲು ಹೋಯಿತು.

ನಾವು ವಾರಕ್ಕೆ ಒಂದು ಚಹಾ-ಅವಲಕ್ಕಿ ಬೆಲೆ ಕೇಳಬಹುದು. ಯುಪಿಐ ಆಟೋಪೇ ಇರುವುದರಿಂದ ಪ್ರತಿ ತಿಂಗಳು ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ. ಆದರೆ ಬರೀ ಆಟೋಪೇ ಲಿಂಕ್ ಕಳಿಸಿದರೆ ಯಾರೂ ಒತ್ತುವುದಿಲ್ಲ. ಅದನ್ನು ಒತ್ತಿಸಲು ಒಂದು ಕಾರ್ಯಕ್ರಮ ಬೇಕು.

ಕಾಗದಪತ್ರ: ಬೇಸರದ ಕೆಲಸ, ಆದರೆ ಇದೇ ಮೊದಲು

ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ಮಾಡಬಹುದು. ಟ್ರಸ್ಟ್ ಆದರೂ ಆಗುತ್ತದೆ. ಪ್ಯಾನ್, ಸಂಘದ ಹೆಸರಿನ ಬ್ಯಾಂಕ್ ಖಾತೆ, ಆ ಖಾತೆಯದೇ ಕ್ಯೂಆರ್ ಕೋಡ್. ಕಾರ್ಯದರ್ಶಿಯ ಸ್ವಂತ ಫೋನ್‌ಪೇ ನಂಬರಿಗೆ ಹಣ ಹಾಕಿಸಬೇಡಿ, ಎಷ್ಟೇ ಒಳ್ಳೆಯ ಮನುಷ್ಯ ಆಗಿರಲಿ. ಊರಲ್ಲಿ ಒಂದು ಮಾತು ಎದ್ದರೆ ಸಂಘ ಮುಗಿಯಿತು.

80ಜಿ ಮಾನ್ಯತೆ ಸಿಕ್ಕರೆ ದೊಡ್ಡ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಊಟದ ಟಿಕೆಟ್, ಓಟದ ಶುಲ್ಕ ಇವೆಲ್ಲ ದಾನ ಅಲ್ಲ, ಅವರಿಗೆ ಅದರ ಬದಲು ಏನೋ ಸಿಕ್ಕಿದೆ. ಹಾಗಾಗಿ ದಾನದ ರಸೀದಿ ಬೇರೆ, ಟಿಕೆಟ್ ಬೇರೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಪುಸ್ತಕ ಮಾಡಿಸಿ. ವಿದೇಶದಲ್ಲಿರುವ ಅಭಿಮಾನಿಗಳಿಂದ ಹಣ ತರಿಸುವ ಯೋಚನೆ ಇದ್ದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನಿಯಮ ಬರುತ್ತದೆ. ಲೆಕ್ಕಪರಿಶೋಧಕರನ್ನು ಕೇಳದೆ ಒಂದು ಡಾಲರನ್ನೂ ಮುಟ್ಟಬೇಡಿ.

ಯಾವಾಗ ಮಾಡಬೇಕು?

ಕರಾವಳಿಗೂ ಘಟ್ಟದ ಮೇಲಿಗೂ ಒಂದೇ ತಾರೀಖು ಹೊಂದುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಚಳಿಗಾಲ ಅಂದರೆ ಅಡಿಕೆಯ ಕೊನೆಕೊಯ್ಲು. ಅಡಿಕೆ ಸುಲಿಯುವ ಮನೆಯವರಿಗೆ ನಿಮ್ಮ ಕಾರ್ಯಕ್ರಮಕ್ಕೆ ಬರಲು ಪುರುಸೊತ್ತು ಇರುವುದಿಲ್ಲ, ಬೆಳೆ ಇನ್ನೂ ಕೈಯಲ್ಲಿ ಹಣವೂ ಆಗಿರುವುದಿಲ್ಲ. ಅಲ್ಲಿ ಮಾರ್ಚ್ ಕೊನೆಯಿಂದ ಮೇ ವರೆಗೆ ಸರಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹಿಂದೆ ಮುಂದೆ ಒಂದು ತಿಂಗಳು ಬಿಡಿ, ಜನರ ಜೇಬು ಖಾಲಿ ಆಗಿರುತ್ತದೆ. ಕಾರವಾರದಿಂದ ಭಟ್ಕಳದವರೆಗೆ ನವೆಂಬರ್‌ನಿಂದ ಜನವರಿ ಒಳ್ಳೆಯದು. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ ಜೂನ್-ಜುಲೈನಲ್ಲಿ ಮೀನುಗಾರರಿಗೆ ಸಮಯ ಇರುತ್ತದೆ. ಆದರೆ ಆಗ ಮಳೆ, ಕೈಯಲ್ಲಿ ಹಣವೂ ಇಲ್ಲ. ಆ ಸಮಯವನ್ನು ನೆನಪುಗಳ ರೆಕಾರ್ಡಿಂಗ್‌ಗೆ ಇಟ್ಟುಕೊಳ್ಳಿ, ಹಿರಿಯರು ಮನೆಯಲ್ಲೇ ಸಿಗುತ್ತಾರೆ. ಹೊರಗಿನಿಂದ ಅತಿಥಿಗಳು ರೈಲಿನಲ್ಲಿ ಬರುವುದಿದ್ದರೆ ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ ಅನ್ನುವುದೂ ಗಮನದಲ್ಲಿರಲಿ.

ಮೇಜಿನ ಮೇಲೆ ಕೊಂಕಣ ರೈಲ್ವೆ: ಹನ್ನೆರಡು ತಾಸಿನ ಓಟ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಹಾಗಾಗಿ ಇದನ್ನೇ ಉದ್ದಕ್ಕೆ ಬರೆಯುತ್ತೇನೆ.

ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಕೊಂಕಣ ರೈಲ್ವೆ ಸುಮಾರು 740 ಕಿಲೋಮೀಟರ್. ಮಾದರಿ ರೈಲುಗಳಲ್ಲಿ ತುಂಬ ಚಾಲ್ತಿಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ. 740ನ್ನು 87ರಿಂದ ಭಾಗಿಸಿದರೆ ಎಂಟೂವರೆ ಕಿಲೋಮೀಟರ್ ಬರುತ್ತದೆ. ಐದು ಮೀಟರ್ ಸುತ್ತಳತೆಯ ಹಳಿ ಹಾಕಿದರೆ ಸುಮಾರು 1,700 ಸುತ್ತು. ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಓಡಿಸಿದರೆ ಒಂದು ಸುತ್ತಿಗೆ 25 ಸೆಕೆಂಡ್, ಒಟ್ಟು ಹನ್ನೆರಡು ತಾಸಿಗೆ ಸ್ವಲ್ಪ ಕಡಿಮೆ. ಅಂದರೆ ಒಂದೇ ದಿನದಲ್ಲಿ ಒಂದು ಶಾಲೆಯ ಹಾಲ್‌ನಲ್ಲಿ ಪುಟ್ಟ ರೈಲು ಇಡೀ ಕೊಂಕಣ ರೈಲ್ವೆಯನ್ನು ಓಡಿ ಮುಗಿಸುತ್ತದೆ. ಬೆಳಿಗ್ಗೆ ಎಂಟಕ್ಕೆ ರೋಹಾ ಬಿಟ್ಟರೆ ಸಂಜೆ ನಾಲ್ಕರ ಸುಮಾರಿಗೆ ಕಾರವಾರ, ಆರರ ಹೊತ್ತಿಗೆ ಭಟ್ಕಳ, ಎಂಟರ ಸುಮಾರಿಗೆ ತೋಕೂರು. ಶಾಲೆ ಬಿಟ್ಟು ಮಕ್ಕಳು, ಕೆಲಸ ಮುಗಿಸಿ ದೊಡ್ಡವರು ಬರುವ ಹೊತ್ತಿಗೇ ನಮ್ಮ ಜಿಲ್ಲೆಯ ನಿಲ್ದಾಣಗಳು ಬರುತ್ತವೆ. ಲೆಕ್ಕ ತಾನಾಗಿಯೇ ಕೂಡಿಬಂದಿದೆ.

ಎಂಟು ಅಡಿ, ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆ ತನ್ನಿ. ಎರಡು ಬದಿಗೆ 45 ಸೆಂಟಿಮೀಟರ್ ತ್ರಿಜ್ಯದ ಅರ್ಧ ಸುತ್ತು, ನಡುವೆ ಎರಡು ಕಡೆ ಒಂದು ಮೀಟರ್ ಎಂಟು ಸೆಂಟಿಮೀಟರ್ ನೇರ ಹಳಿ. ಇದು ಹೆಚ್ಚುಕಡಿಮೆ ಐದು ಮೀಟರ್ ಆಗುತ್ತದೆ, ಹಾಳೆಯ ಮೇಲೆ ಕೂರುತ್ತದೆ, ಸುತ್ತ ಸ್ವಲ್ಪ ಜಾಗವೂ ಉಳಿಯುತ್ತದೆ. ರೈಲು ಕೊಳ್ಳಬೇಕಾಗಿಲ್ಲ. ದೊಡ್ಡ ಊರುಗಳಲ್ಲಿ ಮಾದರಿ ರೈಲಿನ ಹವ್ಯಾಸಿಗಳಿದ್ದಾರೆ, ಒಬ್ಬರನ್ನು ಹುಡುಕಿ ಪ್ರೀತಿಯಿಂದ ಕರೆದರೆ ತಮ್ಮ ಇಂಜಿನ್ ಜೊತೆ ತಾವೂ ಬರುತ್ತಾರೆ. ಊಟ, ವಸತಿ, ಒಂದು ಒಳ್ಳೆಯ ಮೀನೂಟ ನೋಡಿಕೊಳ್ಳಿ. ಎರಡು ಇಂಜಿನ್ ಇರಲೇಬೇಕು. ಸಣ್ಣ ಮೋಟಾರ್ ಇಡೀ ದಿನ ಓಡಿದರೆ ಬಿಸಿಯಾಗುತ್ತದೆ, ತಾಸಿಗೊಮ್ಮೆ ಬದಲಿಸಬೇಕು. ನಿಜವಾದ ರೈಲಿನಲ್ಲೂ ಸಿಬ್ಬಂದಿ ಬದಲಾಗುತ್ತಾರಲ್ವಾ, ಆ ಎರಡು ನಿಮಿಷವನ್ನೇ "ಸಿಬ್ಬಂದಿ ಬದಲಾವಣೆ" ಅಂತ ಮೈಕ್‌ನಲ್ಲಿ ಹೇಳಿ.

ಇನ್ನು ಸುತ್ತು ಎಣಿಸುವುದು. ಬಾಯಲ್ಲಿ ಎಣಿಸುತ್ತಾ ಕೂತರೆ ಎರಡನೇ ತಾಸಿಗೇ ತಪ್ಪುತ್ತದೆ. ಅಗ್ಗದ ಕ್ಯಾಲ್ಕುಲೇಟರ್ ಒಂದನ್ನು ಬಿಚ್ಚಿ. ಅದರ = ಗುಂಡಿಯ ಕೆಳಗಿನ ಎರಡು ತುದಿಗಳಿಗೆ ಎರಡು ಸಣ್ಣ ತಂತಿ ಬೆಸುಗೆ ಹಾಕಿ. ಆ ತಂತಿಗಳ ಇನ್ನೊಂದು ತುದಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ತಾನೇ ಒತ್ತಿಕೊಳ್ಳುವ ಸ್ವಿಚ್) ಜೋಡಿಸಿ ಹಳಿಯ ನಡುವೆ ಕೂರಿಸಿ. ಕೊನೆಯ ಬೋಗಿಯ ಹೊಟ್ಟೆಗೆ ಒಂದು ಪುಟ್ಟ ಅಯಸ್ಕಾಂತ ಅಂಟಿಸಿ. ಬೋಗಿ ಸ್ವಿಚ್ ದಾಟಿದಾಗಲೆಲ್ಲ ಯಾರೋ = ಒತ್ತಿದ ಹಾಗೆ ಆಗುತ್ತದೆ. ಒಂದು ಸುತ್ತು ಅಂದರೆ ನಿಜದ ಲೆಕ್ಕದಲ್ಲಿ 435 ಮೀಟರ್. ಹಾಗಾಗಿ ಶುರುವಿಗೆ 0.435 ಮತ್ತು + ಒತ್ತಿಟ್ಟರೆ ಪ್ರತಿ ಸುತ್ತಿಗೂ ಪರದೆಯ ಮೇಲೆ ಕಿಲೋಮೀಟರೇ ಏರುತ್ತಾ ಹೋಗುತ್ತದೆ. ಕೆಲವು ಕ್ಯಾಲ್ಕುಲೇಟರ್‌ಗಳಲ್ಲಿ + ಎರಡು ಸಲ ಒತ್ತಬೇಕು, ಕೆಲವಕ್ಕೆ ಈ ಕೆಲಸ ಬರುವುದೇ ಇಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಒತ್ತಿ ನೋಡಿ. ಪರದೆಗೆ ಒಂದು ಮೊಬೈಲ್ ಕ್ಯಾಮೆರಾ ಹಿಡಿದು ಗೋಡೆಗೆ ಪ್ರೊಜೆಕ್ಟರ್ ಹಾಕಿದರೆ ಹಾಲ್‌ನಲ್ಲಿರುವ ಎಲ್ಲರಿಗೂ ಕಾಣುತ್ತದೆ.

ಕರಾವಳಿಯ ಗಾಳಿಗೆ ಹಳಿಯ ಮೇಲೆ ಬೇಗ ಕಪ್ಪು ಕೂರುತ್ತದೆ, ಇಂಜಿನ್ ಎಗರುತ್ತಾ ಓಡುತ್ತದೆ. ಐಸೊಪ್ರೊಪಿಲ್ ಆಲ್ಕೊಹಾಲ್ ಮತ್ತು ಹತ್ತಿ ಬಟ್ಟೆ ಪಕ್ಕದಲ್ಲೇ ಇರಲಿ, ಇಂಜಿನ್ ಬದಲಿಸುವಾಗ ಒಮ್ಮೆ ಒರೆಸಿ. ಇನ್ವರ್ಟರ್ ಬೇಕೇ ಬೇಕು, ಕರೆಂಟು ಹೋಗುವುದು ಹೋಗುತ್ತದೆ.

ಹಣ ಹೇಗೆ ಬರುತ್ತದೆ ಅಂದರೆ, ಒಂದು ಕಿಲೋಮೀಟರ್‌ಗೆ 50 ರೂಪಾಯಿ ಇಟ್ಟು ಎಲ್ಲವೂ ಮಾರಾಟವಾದರೆ 37,000. ಇದು ತಳಪಾಯ. ಅದರ ಮೇಲೆ ನಿಲ್ದಾಣಗಳು. ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ. ಪ್ರತಿ ನಿಲ್ದಾಣವನ್ನೂ ಆ ಊರಿನವರಿಗೇ ಮಾರಬೇಕು. ಊರು ಬಿಟ್ಟು ಮುಂಬೈ, ಬೆಂಗಳೂರಿನಲ್ಲಿ ಇರುವವರೇ ಇದಕ್ಕೆ ಮೊದಲು ಕೈ ಎತ್ತುತ್ತಾರೆ. ರೈಲು ಆ ಕಿಲೋಮೀಟರ್ ಮುಟ್ಟಿದಾಗ ಹಳೆಯ ನಿಲ್ದಾಣಗಳಲ್ಲಿದ್ದ ಹಾಗೆ ತೂಗುಹಾಕಿದ ಕಬ್ಬಿಣದ ತುಂಡನ್ನು ಬಾರಿಸಿ ಅವರ ಹೆಸರು ಕೂಗಿ, ವಿಡಿಯೊ ಮಾಡಿ ಆಗಲೇ ಕಳಿಸಿ. ರತ್ನಾಗಿರಿ ಹತ್ತಿರದ ಕರಬುಡೆ ಸುರಂಗ ಆರೂವರೆ ಕಿಲೋಮೀಟರ್, ನಮ್ಮ ಮೇಜಿನ ಮೇಲೆ ಹದಿನೈದು ಸುತ್ತು. ಆ ಆರು ನಿಮಿಷ ಹಾಲ್‌ನ ದೀಪ ಆರಿಸಿ, ಇಂಜಿನ್ ದೀಪ ಮಾತ್ರ ಇರಲಿ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಅದಕ್ಕೆ ಸುಮಾರು ಐದು ಸುತ್ತು. ಆ ಐದು ಸುತ್ತನ್ನು ಒಂದು ಮಗುವಿನ ಕೈಗೆ ಕಂಟ್ರೋಲರ್ ಕೊಟ್ಟು ಓಡಿಸಿ.

ಬಂದವರಿಗೆ ಹಳೆಯ ರಟ್ಟಿನ ಟಿಕೆಟ್ ಥರದ ಪ್ರವೇಶ ಚೀಟಿ ಕೊಡಿ. ಹಳೆಯ ರೈಲು ಟಿಕೆಟ್ ಹೆಚ್ಚುಕಡಿಮೆ 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲ. ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಅನ್ನುವವರು ರೂಪಿಸಿದ ಪದ್ಧತಿ ಅದು. ದಪ್ಪ ರಟ್ಟಿನಲ್ಲಿ ಪ್ರೆಸ್‌ನವರಿಂದ ಮಾಡಿಸಿ, ಬಾಗಿಲಲ್ಲಿ ಪಂಚ್ ಹೊಡೆಯಿರಿ. ಮಕ್ಕಳು ಅದನ್ನು ಎಸೆಯುವುದಿಲ್ಲ. ಆದರೆ ರೈಲ್ವೆಯ ಲಾಂಛನ ಹಾಕಬೇಡಿ, "ಸ್ಮರಣಿಕೆ" ಅಂತ ದಪ್ಪಗೆ ಬರೆಸಿ.

ಸವಾಲು ಕೂಗುವುದು

ನಮ್ಮ ಕಡೆಯ ದೇವಸ್ಥಾನಗಳಲ್ಲಿ ಫಲಾವಳಿ ಸವಾಲು, ಅಂದರೆ ಹರಾಜು, ನೋಡದವರು ಯಾರು? ಒಂದು ತೆಂಗಿನಕಾಯಿ, ಒಂದು ಬಾಳೆಗೊನೆ, ಒಂದು ಹಲಸು. ಪೇಟೆಯಲ್ಲಿ ಐವತ್ತಕ್ಕೆ ಸಿಗುವುದನ್ನು ಜನ ಖುಷಿಯಿಂದ ಸಾವಿರಕ್ಕೆ ಎತ್ತುತ್ತಾರೆ. ಹೊರಗಿನ ಹರಾಜಿಗಿಂತ ಇದು ನಮಗೆ ಚೆನ್ನಾಗಿ ಒಗ್ಗುತ್ತದೆ. ಯಾಕೆಂದರೆ ಇಲ್ಲಿ ಜಾಸ್ತಿ ಕೊಟ್ಟವರಿಗೆ ಮೋಸ ಹೋದೆ ಅನ್ನಿಸುವುದಿಲ್ಲ, ಹೆಮ್ಮೆ ಅನ್ನಿಸುತ್ತದೆ.

ಕೂಗುವವರ ಮೇಲೆ ಎಲ್ಲವೂ ನಿಂತಿದೆ. ದೇವಸ್ಥಾನದಲ್ಲಿ ಕೂಗಿ ಅಭ್ಯಾಸ ಇರುವವರನ್ನೇ ಕರೆಯಿರಿ, ಕಂಪ್ಯೂಟರ್ ಗೊತ್ತಿರುವ ಹುಡುಗರು ಇದಕ್ಕೆ ಬೇಡ. "ಐನೂರು, ಐನೂರು ಒಂದು ಸಲ" ಅಂತ ಹೇಳಿ ಒಂದು ಕ್ಷಣ ನಿಂತು, ಎದುರಿನ ಸಾಲಿನ ಒಬ್ಬರ ಮುಖ ನೋಡಿ, ಅವರ ಅಪ್ಪ ಇಂಥ ಊರಿನಲ್ಲಿ ಗೇಟ್‌ಮನ್ ಆಗಿದ್ದರು ಅಂತ ಸಭೆಗೆ ನೆನಪಿಸಿ, ಆಮೇಲೆ "ಎರಡು ಸಲ" ಅನ್ನುವವರು ಬೇಕು. ಊರಿನ ಜನರನ್ನು ಬಲ್ಲವರಿಗೆ ಮಾತ್ರ ಅದು ಬರುತ್ತದೆ.

ಏನು ಸವಾಲಿಗಿಡಬೇಕು? ಅರ್ಧ ತಿನ್ನುವ ವಸ್ತು ಇರಲಿ: ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ, ಜೇನು, ಮೇ ತಿಂಗಳಾದರೆ ಅಂಕೋಲೆಯ ಕರಿ ಈಶಾಡು ಮಾವು. ಇವೆಲ್ಲ ಸದಸ್ಯರ ಮನೆಯಿಂದ ಬರಬೇಕು, ಖರ್ಚಿಲ್ಲ. ಇನ್ನರ್ಧ ರೈಲಿಗೆ ಸೇರಿದ್ದು: ಕಟ್ಟು ಹಾಕಿಸಿದ ಹಳೆಯ ಫೋಟೋದ ಪ್ರತಿ, ಮೇಜಿನ ರೈಲು ಕಾರವಾರದಿಂದ ಹೊರಡುವಾಗ ಹಸಿರು ಬಾವುಟ ತೋರಿಸುವ ಹಕ್ಕು, ಕಪಾಟಿನ ಅಂಕಣಕ್ಕೆ ಹೆಸರು. ಮಳೆಗಾಲದಲ್ಲಿ ರಾತ್ರಿ ಹಳಿ ಮೇಲೆ ನಡೆದು ಗುಡ್ಡ ಜರಿದಿದೆಯಾ ಅಂತ ನೋಡುತ್ತಿದ್ದ ನಿವೃತ್ತ ಪ್ಯಾಟ್ರೋಲ್‌ಮನ್ ಒಬ್ಬರ ಜೊತೆ ಮಧ್ಯಾಹ್ನದ ಊಟವನ್ನೂ ಇಡಬಹುದು. ಕೊನೆಯದಕ್ಕೆ ಅವರ ಒಪ್ಪಿಗೆ ಮೊದಲೇ ಕೇಳಿ, ಅವರಿಗೂ ಗೌರವಧನ ಕೊಡಿ.

ಇಲ್ಲಿ ಒಂದು ಎಚ್ಚರ. ಹಳೆಯ ದೀಪ, ಹಳಿ ಜೋಡಿಸುವ ಫಿಶ್‌ಪ್ಲೇಟ್, ಹಳಿ ತುಂಡು ಯಾರಾದರೂ "ಮನೆಯಲ್ಲಿತ್ತು, ಇಟ್ಟುಕೊಳ್ಳಿ" ಅಂತ ತಂದುಕೊಟ್ಟರೆ ಸುಮ್ನೆ ತೆಗೆದುಕೊಳ್ಳಬೇಡಿ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯೇ ಇದೆ. ರೈಲ್ವೆ ತನ್ನ ಗುಜರಿಯನ್ನು ಇ-ಹರಾಜಿನಲ್ಲಿ ಮಾರುತ್ತದೆ. ಅಲ್ಲಿಂದ ಬಂದ ಮಾಲು ಅನ್ನುವುದಕ್ಕೆ ಬಿಲ್ ಇದ್ದರೆ ಮಾತ್ರ ಮುಟ್ಟಿ. ಗಂಟೆಗೆ ಬಳಸುವ ತುಂಡಿಗೂ ಇದೇ ಮಾತು, ಬಿಲ್ ಇಲ್ಲದಿದ್ದರೆ ಕಮ್ಮಾರನಿಂದ ಒಂದು ಕಬ್ಬಿಣದ ಪಟ್ಟಿ ತನ್ನಿ.

ಗಡಿ ದಾಟುವ ಊಟ

ಮುರ್ಮುಗಾವ್ ಬಂದರಿನಿಂದ ಘಟ್ಟ ಹತ್ತಿ ಬರುವ ಮೀಟರ್ ಗೇಜ್ ಹಳಿ ಕ್ಯಾಸಲ್‌ರಾಕ್ ಮುಟ್ಟಿದ್ದು 1880ರ ದಶಕದಲ್ಲಿ. ದೂಧಸಾಗರದ ಪಕ್ಕ ಹೋಗುವ ಆ ಘಟ್ಟದಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಏರುವಷ್ಟು ಕಡಿದು. 1961ರಲ್ಲಿ ಗೋವಾ ವಿಮೋಚನೆ ಆಗುವವರೆಗೂ ಅಲ್ಲಿ ಎರಡು ದೇಶಗಳ ಗಡಿ. ಈ ಕಡೆ ಕ್ಯಾಸಲ್‌ರಾಕ್‌ನಲ್ಲಿ ಒಂದು ಸುಂಕದ ಕಟ್ಟೆ, ಆ ಕಡೆ ಕುಳೆಯಲ್ಲಿ ಪೋರ್ಚುಗೀಸರದ್ದು.

ಇದನ್ನೇ ಒಂದು ಊಟ ಮಾಡಿ. ಕಾರವಾರದಲ್ಲಿ ಒಂದು ಹಾಲ್ ಅಥವಾ ದೊಡ್ಡ ಅಂಗಳ ತೆಗೆದುಕೊಂಡು ನಡುವೆ ಹಗ್ಗ ಕಟ್ಟಿ. ಒಂದು ಬದಿ ಕೊಟ್ಟೆ ಕಡುಬು, ತಂಬುಳಿ, ಅಪ್ಪೆಹುಳಿ, ತೊಡೆದೇವು. ಇನ್ನೊಂದು ಬದಿ ಸಾನ್ನಾ, ಖತಖತೆ, ಸೋಲ್ ಕಡಿ, ಬೇಕಾದವರಿಗೆ ಬಂಗಡೆ. ಬಂದವರಿಗೆ ಒಂದು ಕಾಗದದ ಪಾಸ್‌ಪೋರ್ಟ್. ಗಡಿ ದಾಟಬೇಕಾದರೆ ಟೋಪಿ ಹಾಕಿದ ಸುಂಕದ ಅಧಿಕಾರಿ ತಪಾಸಣೆ ಮಾಡುತ್ತಾರೆ. ಪರ್ಸ್‌ನಲ್ಲಿ ಬಾಚಣಿಗೆ ಇದೆಯಾ? ಹತ್ತು ರೂಪಾಯಿ ಸುಂಕ. ಎರಡು ಮೊಬೈಲ್ ಇದೆಯಾ? ಇಪ್ಪತ್ತು. ಊರಿನ ನಾಟಕದವರಿಗೆ ಈ ಪಾತ್ರ ಕೊಟ್ಟರೆ ಸಾಕು, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಊಟದ ಬೆಲೆ ಖರ್ಚಿಗೆ ಸರಿಹೋದರೂ ಸುಂಕ ಲಾಭವಾಗಿ ಉಳಿಯುತ್ತದೆ. ನಡುವೆ ಅರ್ಧ ತಾಸು, ಆ ಕಾಲದಲ್ಲಿ ಗಡಿ ದಾಟಿ ಹೋಗಿಬಂದ ಹಿರಿಯರಿದ್ದರೆ ಅವರನ್ನು ಮಾತಾಡಿಸಿ, ಅದನ್ನು ರೆಕಾರ್ಡ್ ಮಾಡಿ. ಹಾಗೆ ಮಾಡಿದರೆ ಊಟದ ದಿನವೇ ನಿಮ್ಮ ಸಂಗ್ರಹಕ್ಕೂ ಒಂದು ಸೇರಿತು.

ಅಡುಗೆ ಸ್ವಸಹಾಯ ಸಂಘದ ಮಹಿಳೆಯರಿಗೆ ಕೊಡಿ, ಅವರ ಆಹಾರ ಸುರಕ್ಷತಾ ನೋಂದಣಿ ಇದೆಯಾ ನೋಡಿ. ಗೋವಾದ ಬದಿ ಅಂತ ಮದ್ಯ ಇಡುವ ಆಸೆ ಬೇಡ. ಅಬಕಾರಿ ಅನುಮತಿ ಬೇಕು, ಮಕ್ಕಳು-ಮನೆಯವರು ಬರುವುದಿಲ್ಲ. ಮುರುಗಲು ಪಾನಕ ಸಾಕು.

ಶರಾವತಿ ಓಟ

ತಾಲಿಥ್ಲಿನ್‌ನಲ್ಲಿ 1984ರಿಂದ ರೈಲಿನ ಜೊತೆ ಓಡುವ ಸ್ಪರ್ಧೆ ಇದೆ. ಆಸ್ಟ್ರೇಲಿಯಾದ ಪಫಿಂಗ್ ಬಿಲ್ಲಿ ರೈಲಿನ ಜೊತೆ 1982ರಿಂದ ಇದೆ. ಸಾವಿರಾರು ಜನ ಓಡುತ್ತಾರೆ. ಅವು ನಿಧಾನದ ಪುಟ್ಟ ರೈಲುಗಳು. ನಮ್ಮದು ತಾಸಿಗೆ ನೂರು ಕಿಲೋಮೀಟರ್ ದಾಟುವ ಮುಖ್ಯ ಮಾರ್ಗ. ಹಳಿಯ ಹತ್ತಿರ ಓಟದ ಮಾತೇ ಬೇಡ.

ಅದರ ಬದಲು ಸೇತುವೆಯ ಉದ್ದವನ್ನು ಮರಳಿಗೆ ತನ್ನಿ. ಹೊನ್ನಾವರದ ಕಾಸರಕೋಡ ಕಡಲತೀರದಲ್ಲಿ 2,066 ಮೀಟರ್ ಅಳೆದು ಪ್ರತಿ ನೂರು ಮೀಟರ್‌ಗೆ ಕೆಂಪು-ಹಸಿರು ಕೈಬಾವುಟ ನೆಡಿ. ಸೇತುವೆಯ ಉದ್ದ ಓಡಿದೆ ಅಂತ ಹೇಳಿಕೊಳ್ಳುವ ಖುಷಿ ಮಕ್ಕಳಿಗೂ ಅಜ್ಜಿಯರಿಗೂ ಒಂದೇ. ನಡೆಯುವವರು ನಡೆಯಲಿ. ಪ್ರತಿ ಬಾವುಟಕ್ಕೂ ಒಬ್ಬ ಪ್ರಾಯೋಜಕ. ಇಳಿತದ ಹೊತ್ತು ನೋಡಿ ಸಮಯ ಇಡಿ, ಒದ್ದೆ ಮರಳು ಗಟ್ಟಿ ಇರುತ್ತದೆ, ಓಡಲು ಸುಲಭ. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ತಾರೀಖು ಬದಲಾದರೆ ಸಮಯವನ್ನೂ ಬದಲಿಸಿ. ಜಿಲ್ಲಾಡಳಿತ, ಕಡಲತೀರ ನೋಡಿಕೊಳ್ಳುವವರು, ಕರಾವಳಿ ಕಾವಲು ಪೊಲೀಸರು, ಮೂವರಿಗೂ ಮೊದಲೇ ಪತ್ರ ಕೊಡಿ. ಆಂಬುಲೆನ್ಸ್ ಮತ್ತು ಜೀವರಕ್ಷಕರು ಇಲ್ಲದೆ ಶುರು ಮಾಡಬೇಡಿ. ಪ್ಲಾಸ್ಟಿಕ್ ಬಾಟಲಿ ಬೇಡ, ಮಜ್ಜಿಗೆ ಸ್ಟೀಲ್ ಲೋಟದಲ್ಲಿ.

ಶಿರಸಿಗೆ ತಾಳಮದ್ದಲೆ

ಸಹಾಯಾರ್ಥ ಯಕ್ಷಗಾನ ಎಲ್ಲರೂ ಮಾಡುತ್ತಾರೆ, ಖರ್ಚೂ ದೊಡ್ಡದು. ತಾಳಮದ್ದಲೆಗೆ ವೇಷ ಬೇಡ, ರಂಗಸ್ಥಳ ಬೇಡ. ಭಾಗವತರು, ಮದ್ದಲೆ, ಪಾತ್ರಗಳಾಗಿ ಕೂತು ಮಾತಾಡುವ ನಾಲ್ಕು ಜನ ಅರ್ಥಧಾರಿಗಳು, ಒಂದು ಒಳ್ಳೆಯ ಮೈಕ್. ಶಿರಸಿಯ ಪ್ರೇಕ್ಷಕರು ಮಾತಿನ ರುಚಿ ಬಲ್ಲವರು.

ಹೊಸತನ ಎಲ್ಲಿ ಅಂದರೆ ವಿಷಯದಲ್ಲಿ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಚರ್ಚೆ ನಮ್ಮ ಜಿಲ್ಲೆಯಲ್ಲಿ ದಶಕಗಳಿಂದ ಇದೆ. ರೈಲು ಬೇಕು ಅನ್ನುವವರ ಮಾತಲ್ಲೂ ನೋವಿದೆ, ಕಾಡು ಉಳಿಯಬೇಕು ಅನ್ನುವವರ ಮಾತಲ್ಲೂ ನೋವಿದೆ. ವಿಶ್ವಕರ್ಮ ಮತ್ತು ಭೂದೇವಿ ಎದುರುಬದುರು ಕೂತು ಇದನ್ನೇ ವಾದಿಸಿದರೆ ಹೇಗಿರುತ್ತದೆ! ಪದ್ಯ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಹತ್ತು ಹದಿನೈದು ಪದ್ಯ ಬರೆಸಿ. ಸಂಘ ಯಾವ ಪಕ್ಷವನ್ನೂ ಹಿಡಿಯಬಾರದು, ಇಬ್ಬರು ಅರ್ಥಧಾರಿಗಳೂ ಸಮಬಲದವರಾಗಿರಬೇಕು, ಕೊನೆಗೆ ತೀರ್ಪು ಹೇಳುವ ಪಾತ್ರ ಇಡಬೇಡಿ. ಚುನಾವಣೆ ಹತ್ತಿರ ಇದ್ದರೆ ಮುಂದೂಡಿ. ಪ್ರವೇಶ ಉಚಿತ ಇರಲಿ, ನಡುವೆ ಕಷಾಯದ ಹೊತ್ತಿನಲ್ಲಿ ತುಂಡು ಬೆಲೆಗಳ ಪಟ್ಟಿ ಹಿಡಿದು ಸಾಲಿನ ಉದ್ದಕ್ಕೂ ಹೋಗಿ. ರಾತ್ರಿ ಹತ್ತರ ಒಳಗೆ ಮೈಕ್ ಬಂದ್ ಆಗಬೇಕು, ಹಾಗಾಗಿ ಸಂಜೆ ಐದಕ್ಕೇ ಶುರು ಮಾಡಿ.

ಇವನ್ನು ಮಾಡಲೇಬೇಡಿ

ಲಕ್ಕಿ ಡಿಪ್, ಲಾಟರಿ ಚೀಟಿ ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ನಿಲ್ದಾಣದ ಒಳಗೆ ಡಬ್ಬಿ ಹಿಡಿದು ಹಣ ಎತ್ತುವುದು, ಅನುಮತಿ ಇಲ್ಲದೆ ಏನನ್ನಾದರೂ ಮಾರುವುದು 1989ರ ರೈಲ್ವೆ ಕಾಯ್ದೆಗೆ ವಿರುದ್ಧ. ಹಳಿ ಮೇಲೆ ನಡೆದು ಫೋಟೋ ತೆಗೆಸುವ "ಹೆರಿಟೇಜ್ ವಾಕ್" ಕೂಡ ಹಾಗೇ, ಅದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಇದೆ. ದೂಧಸಾಗರ ನೋಡಲು ಗುಂಪಾಗಿ ರೈಲಿನಲ್ಲಿ ಹೋಗುವುದಾದರೆ ಟಿಕೆಟ್ ಎಲ್ಲರೂ ಅವರವರೇ ಮಾಡಿಸಿಕೊಳ್ಳಲಿ. ನೀವು ಟಿಕೆಟ್ ಕೊಂಡು ಲಾಭಕ್ಕೆ ಹಂಚಿದರೆ ಅದೂ ಅಪರಾಧ. ನೀವು ಹಣ ತೆಗೆದುಕೊಳ್ಳಬೇಕಾದ್ದು ಮಾರ್ಗದ ಕಥೆ ಹೇಳುವ ಪುಸ್ತಿಕೆಗೆ, ಬುತ್ತಿ ಊಟಕ್ಕೆ. ಇಡೀ ಬೋಗಿ ಬೇಕಿದ್ದರೆ ಐಆರ್‌ಸಿಟಿಸಿ ಮೂಲಕ ಪೂರ್ಣ ದರ ಕೊಟ್ಟು ಕಾಯ್ದಿರಿಸುವ ವ್ಯವಸ್ಥೆ ಇದೆ. ಆದರೆ ಭದ್ರತಾ ಠೇವಣಿಯೇ ದೊಡ್ಡ ಮೊತ್ತ, ತುಂಬ ಮೊದಲೇ ಅರ್ಜಿ ಹಾಕಬೇಕು. ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ.

ಕಾರ್ಯಕ್ರಮ ಮುಗಿದ ಮೇಲೆ

ಅವತ್ತು ರಾತ್ರಿಯೇ ಇಬ್ಬರು ಕೂತು ನಗದು ಎಣಿಸಿ, ಇಬ್ಬರೂ ಸಹಿ ಹಾಕಿ, ಮರುದಿನ ಬ್ಯಾಂಕಿಗೆ ಕಟ್ಟಿ. ಒಂದು ವಾರದ ಒಳಗೆ ಬಂದದ್ದು, ಖರ್ಚಾದದ್ದು, ಉಳಿದದ್ದು ಇಷ್ಟನ್ನು ಒಂದು ಪುಟದಲ್ಲಿ ಬರೆದು ದಾನಿಗಳ ವಾಟ್ಸಾಪ್ ಗುಂಪಿಗೆ ಹಾಕಿ. ನಷ್ಟ ಆಗಿದ್ದರೆ ಅದನ್ನೂ ಹಾಕಿ.

ಆಮೇಲಿನ ಕೆಲಸವೇ ಮುಖ್ಯ. ಕಪಾಟು ಬಂದ ದಿನ ಅಂಕಣ ಕೊಡಿಸಿದವರನ್ನು ಕರೆದು ಅವರ ಕೈಯಿಂದಲೇ ಮೊದಲ ವಸ್ತು ಇಡಿಸಿ. ಸ್ಕ್ಯಾನ್ ಆದ ಆಲ್ಬಂನ ಒಂದು ಪ್ರತಿಯನ್ನು ಹಣ ಕೊಟ್ಟವರಿಗೂ, ಆಲ್ಬಂ ಕೊಟ್ಟ ಮನೆಯವರಿಗೂ ಕಳಿಸಿ. ರೆಕಾರ್ಡ್ ಮಾಡಿದ ಹಿರಿಯರ ಮಾತನ್ನು ಅವರ ಮಕ್ಕಳಿಗೆ ಕೊಡಿ. ಆಟೋಪೇ ಮಾತು ಎತ್ತಬೇಕಾದ್ದು ಆಗ. ಮುಂದಿನ ಕಾರ್ಯಕ್ರಮದ ತಾರೀಖನ್ನೂ ಆಗಲೇ ಹೇಳಿ. ಈ ಸಲ ಕಾರವಾರದಲ್ಲಿ ಮೇಜಿನ ರೈಲು ಓಡಿಸಿದ್ದರೆ ಅದೇ ಪ್ಲೈವುಡ್ ಹಾಳೆಯನ್ನು ಲಾರಿಗೆ ಹಾಕಿ ಏಪ್ರಿಲ್‌ನಲ್ಲಿ ಶಿರಸಿಗೆ ಒಯ್ಯಬಹುದು. ಅಲ್ಲಿ ತಾಳಗುಪ್ಪದಿಂದ ಸಿದ್ದಾಪುರ, ಶಿರಸಿ ಮೇಲೆ ಹುಬ್ಬಳ್ಳಿಗೆ ಜನ ದಶಕಗಳಿಂದ ಕೇಳುತ್ತಿರುವ ಮಾರ್ಗವನ್ನು ಮೇಜಿನ ಮೇಲೆ ಓಡಿಸಿ, ಊರೂರಿನ ನಿಲ್ದಾಣಗಳನ್ನು ಆ ಊರಿನವರಿಗೇ ಮಾರಿ.